ಟೇಬಲ್ಲಿನ ಕಾಲಿಗೆ ಕೊಟ್ಟ ರಬ್ಬರು

ಇವತ್ತು ಬೆಳಿಗ್ಗೆ ಗುಡಿಸಲೆಂದು ಟೇಬಲ್ ಎಳೆದಾಗ ಅದರ ಕಾಲಿನಡಿಯಿಂದ ಕರಿ ರಬ್ಬರಿನ ತುಂಡೊಂದು ಕಳಚಿ ಬಂತು. ಮೂಸಿ ನೋಡಿದೆ. ಮೆಷಿನ್ ಎಣ್ಣೆಯ ವಾಸನೆ ಇನ್ನೂ ಇತ್ತು. ಅಷ್ಟೇ, ಕೆಲಸಕ್ಕೆ ಕೂರಲು ಮನಸ್ಸಾಗಲಿಲ್ಲ. ಕಿಟಕಿಗೂ ಬಾಗಿಲಿಗೂ ಸುಮ್ಮನೆ ಓಡಾಡಿದೆ.

ಮೈಲಾಪೂರಿನ ಈ ಹಳೇ ಫ್ಲ್ಯಾಟಿನಲ್ಲಿ ನನ್ನ ಕೆಳಗಿನ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಕಾಕಾ ಮತ್ತು ಕಾಕು ಇದ್ದರು. ಕಾಕಾ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಮಾಡಿ ನಿವೃತ್ತರಾದವರು. ಕಾಕುವಿಗೆ ಹೃದಯದ ತೊಂದರೆ. ಮಧ್ಯಾಹ್ನ ಎರಡು ತಾಸು ಮಲಗಲೇಬೇಕೆಂದು ಡಾಕ್ಟರು ಹೇಳಿದ್ದರು. ಆ ಎರಡು ತಾಸೂ ನಾನು ಮೇಲೆ ಆಫೀಸಿನ ಕೆಲಸ ಮಾಡುತ್ತಾ ಹೊಸ ಮೆಕ್ಯಾನಿಕಲ್ ಕೀಬೋರ್ಡ್ ಕುಟ್ಟುತ್ತಿದ್ದೆ. ಟಕಟಕ ಕೇಳಿದರೇ ನನಗೆ ಕೆಲಸ ಸಾಗಿದಂತೆ ಅನಿಸುತ್ತಿತ್ತು. ಹುಚ್ಚು.

ಒಂದು ದಿನ ಕಾಕಾ ಸ್ಕ್ರೂಡ್ರೈವರ್ ಹಿಡಿದೇ ಮೇಲೆ ಬಂದರು. ಜಗಳಕ್ಕೆ ಬಂದರೆಂದುಕೊಂಡೆ. ಅವರು ಒಂದು ಕೀಲಿ ಒತ್ತಿ, ಟೇಬಲ್ಲಿಗೆ ಅಂಗೈ ಊರಿ ನಿಂತರು. ಕಾರ್ಖಾನೆಯಲ್ಲಿ ಕಿವಿ ಅರ್ಧ ಹೋಗಿತ್ತು. ಸದ್ದನ್ನು ಅವರು ಕೈಯಲ್ಲಿ ಹುಡುಕುತ್ತಿದ್ದರು.

"ಸತ್ತಂ, ಅಂದ್ರ ಸಪ್ಪಳ, ಕೀಲಿ ಕೆಳಗಿನ ಸ್ವಿಚ್ಚಿಂದ ಸ್ವಲ್ಪನ ಅವ್ವಾ. ಪೆಟ್ಟಿಗಿ ಟೊಳ್ಳೈತಿ, ಟೇಬಲ್ಲೂ ಟೊಳ್ಳೈತಿ. ಎಲ್ಲಾ ಕೂಡಿ ನಮ್ಮ ತಲಿ ಮ್ಯಾಗ ಬಡೀತಾವ."

ಕೀಬೋರ್ಡಿನ ಹೊಟ್ಟೆಗೆ ಸ್ಪಂಜು ತುಂಬಿದರು. ಅಡಿಗೆ ಹಳೇ ಜಮಖಾನೆಯ ತುಂಡು ಹಾಸಿದರು. ಮೆಷಿನ್ನುಗಳ ಅಡಿಗೆ ಕೊಡುವ ರಬ್ಬರನ್ನು ಕತ್ತರಿಸಿ ಟೇಬಲ್ಲಿನ ನಾಲ್ಕು ಕಾಲಿಗೂ ಕೊಟ್ಟರು. ಪ್ರತಿ ಸಲ ಕೆಳಗಿಳಿದು, ಈಗ ಹೇಗೆಂದು ಕಾಕುವನ್ನು ಕೇಳಿ ಬರುತ್ತಿದ್ದರು. ಕಡೆಗೆ ಉಳಿದದ್ದು ನನ್ನ ಬೆರಳು.

"ತಳಾ ಮುಟ್ಟೋ ತನಕ ಯಾಕ ಗುದ್ದತಿ? ಅರ್ಧಕ್ಕ ಅಕ್ಷರ ಬಂದಿರತೈತಿ."

ಅದೊಂದು ಮಾತ್ರ ನನಗೆ ಬರಲಿಲ್ಲ. ಸಿಟ್ಟು ನೆತ್ತಿಗೇರಿದರೆ ಬೆರಳು ಮಾತು ಕೇಳುತ್ತಿರಲಿಲ್ಲ...

ಅಂಥದ್ದೇ ಒಂದು ಮಧ್ಯಾಹ್ನ, ಆಫೀಸಿನವರ ಮೇಲಿನ ಸಿಟ್ಟನ್ನೆಲ್ಲ ಕೀಲಿಗಳ ಮೇಲೆ ತೀರಿಸುತ್ತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಕಾಕಾ, ಬರಿಗಾಲಲ್ಲಿ, ಕೈಯಲ್ಲಿ ಫೋನು. ಅವರು ಬಾಯಿ ತೆರೆಯುವ ಮೊದಲೇ ರೇಗಿದೆ: "ಇನ್ನೇನು ಕಾಕಾ, ಬೆರಳು ಕತ್ತರಿಸಿಕೊಳ್ಳಲಾ?" ಕಾಕಾ ಒಮ್ಮೆ ನನ್ನ ಮುಖ ನೋಡಿ ಇಳಿದು ಹೋದರು.

ಅವರು ಸದ್ದಿನ ವಿಷಯಕ್ಕೆ ಬಂದೇ ಇರಲಿಲ್ಲ. ಕಾಕುವಿಗೆ ಎದೆನೋವು ಶುರುವಾಗಿತ್ತು. ಫೋನಿನಲ್ಲಿ ಆಟೋ ಕರೆಸಿಕೊಡು ಎನ್ನಲು ಬಂದಿದ್ದರು. ಆಮೇಲೆ ತಾವೇ ಬೀದಿಗೆ ಓಡಿ, ಹತ್ತು ನಿಮಿಷ ಅಲೆದು ಆಟೋ ಹಿಡಿದರಂತೆ. ಸಂಜೆ ವಾಚ್‌ಮನ್ ಹೇಳಿದಾಗಲೇ ನನಗೆ ಗೊತ್ತಾದದ್ದು. ಕಾಕು ಆಸ್ಪತ್ರೆಯಿಂದ ಮರಳಲಿಲ್ಲ. ಆ ಹತ್ತು ನಿಮಿಷ ಸಿಕ್ಕಿದ್ದರೆ... ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ನಾನು ನಂಬಿಲ್ಲ.

ಕೆಲವು ದಿನಗಳ ಮೇಲೆ, ಮಗಳ ಮನೆಗೆ ಹೊರಟ ಕಾಕಾ ಹೇಳಿ ಹೋಗಲು ಬಂದರು. ಕ್ಷಮೆ ಕೇಳಬೇಕೆಂದವಳು ಕುರ್ಚಿ ಎಳೆದು ಕೊಟ್ಟೆ. ಅವರೇ ಅಂದರು: "ಇನ್ನ ಜೋರ್ ಒತ್ತವ್ವಾ, ಪರವಾಯಿಲ್ಲೆ. ಕೆಳಗ ಮಲಗಾಕ ಯಾರೂ ಇಲ್ಲ." ಆ ದನಿಯಲ್ಲಿ ಕೊಂಕು ಇರಲೇ ಇಲ್ಲ. ಅದನ್ನೇ ನನಗೆ ಇವತ್ತಿಗೂ ಸಹಿಸಲಾಗದು. ಕಳೆದ ವರ್ಷ ಅವರೂ ತೀರಿಹೋದರು.

ರಬ್ಬರನ್ನು ಒರೆಸಿ ಮತ್ತೆ ಕಾಲಿನಡಿ ಕೊಟ್ಟಿದ್ದೇನೆ. ಕೆಳಗಿನ ಮನೆ ಖಾಲಿಯಿದೆ, ಆದರೂ ನನ್ನ ಬೆರಳು ಈಗ ತಳ ಮುಟ್ಟುವುದಿಲ್ಲ. ಬೆಲ್ ಆದರೆ ಮಾತ್ರ, ಬರೆಯುತ್ತಿದ್ದ ಪದವನ್ನು ಅರ್ಧಕ್ಕೇ ಬಿಟ್ಟು, ಬರಿಗಾಲಲ್ಲಿ ಬಾಗಿಲಿಗೆ ಓಡುತ್ತೇನೆ.