ಲಿವರಿಗೆ ಕಟ್ಟಿದ ಅರಿಶಿನ ದಾರ

ಕಳೆ ತೆಗೆಯುವ ಯಂತ್ರದ ಸರ್ವಿಸಿಗೆಂದು ಮಾರಂಡಹಳ್ಳಿಯ ಮುನಿಯಕ್ಕನ ಹೊಲಕ್ಕೆ ಹೋಗಿದ್ದೆ. ಕೈ ಬಿಟ್ಟ ಕೂಡಲೇ ಅಲಗುಗಳು ನಿಲ್ಲಲೆಂದು ಆ ಯಂತ್ರದ ಹಿಡಿಕೆಯಲ್ಲಿ ಒಂದು ಲಿವರ್ ಇರುತ್ತದೆ. ಅಕ್ಕ ಅದನ್ನು ಒತ್ತಿ, ಮಾರಿಯಮ್ಮನ ಗುಡಿಯ ಅರಿಶಿನ ದಾರದಿಂದ ಬಿಗಿದುಬಿಟ್ಟಿದ್ದಳು.

"ಒತ್ತಿ ಒತ್ತಿ ಕೈ ನೋಯ್ತೈತೆ ಕಣಪ್ಪಾ. ಸಾಮಿ ದಾರ, ಕತ್ತರಿಸ್ಬ್ಯಾಡ!"

ಕತ್ತರಿಸಲು ನನಗೂ ಮನಸ್ಸು ಬರಲಿಲ್ಲ. ಆದರೆ ಹಿಂದಕ್ಕೆ ನಡೆಸುವಾಗ ಎಡವಿದರೆ, ಯಂತ್ರ ನಿಲ್ಲದೆ ಅವಳ ಕಾಲ ಮೇಲೇ ಹರಿಯುತ್ತದೆ. ಕೈಮುಗಿದು ಗಂಟು ಬಿಚ್ಚಿ, ದಾರವನ್ನು ಅವಳ ಮುಂಗೈಗೆ ಕಟ್ಟಿದೆ.

"ಅಮ್ಮ ನಮ್ಮ ಕೈ ಬಿಡಲ್ಲಕ್ಕಾ. ಆದ್ರೆ ನಾವು ಕೈ ಬಿಟ್ರೆ ಯಂತ್ರ ನಿಲ್ಬೇಕು."

"ಅಂಗಾದ್ರೆ ಕೈನೋವಿಗೆ ಏನ್ಲಾ ಮಾಡ್ತೀಯಾ?"

ಲಿವರಿನ ಕೇಬಲ್ಲಿಗೆ ಎಣ್ಣೆ ಬಿಟ್ಟೆ. ಲಿವರ್ ಒಂದೇ ಬೆರಳಿಗೆ ಬಗ್ಗಿತು. ಹೋದ ಸಲ ಎಣ್ಣೆ ಬಿಡಲು ಮರೆತವನು ನಾನೇ. ತಪ್ಪನ್ನು ಮಾರಿಯಮ್ಮನ ಮುಂದೆ ಒಪ್ಪಿಕೊಂಡಿದ್ದೇನೆ. ಅಕ್ಕನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.