ಮಹದೇವಮ್ಮನವರ ಎಡಗೆನ್ನೆ

2005ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿದ್ದ ನನ್ನ ಡೆಂಟಲ್ ಕ್ಲಿನಿಕ್ಕಿಗೆ ಲೇಸರ್ ಯಂತ್ರ ಬಂದು ವರ್ಷವೂ ಆಗಿರಲಿಲ್ಲ. ಹಲ್ಲು ಬೆಳ್ಳಗೆ ಮಾಡುವ ಈ ಕೆಲಸಕ್ಕೆ ನಾವು ಬ್ಲೀಚಿಂಗ್ ಎನ್ನುತ್ತೇವೆ. ವಸಡಿಗೆ ತಾಗದ ಹಾಗೆ ಹಲ್ಲಿನ ಮೇಲೆ ಪೆರಾಕ್ಸೈಡ್ ಜೆಲ್ ಹಚ್ಚುವುದು, ಲೇಸರ್ ಬೆಳಕು ಬಿಟ್ಟು ಆ ಜೆಲ್ಲನ್ನು ಚುರುಕುಗೊಳಿಸುವುದು, ತೊಳೆಯುವುದು. ಅದರಲ್ಲಿ ಇನ್ನೇನೂ ಮಾಯಮಂತ್ರವಿಲ್ಲ. ಆದರೆ ಹೊರಗೆ ಬೋರ್ಡಿನಲ್ಲಿ ಲೇಸರ್ ಎಂಬ ಪದ ಬಿದ್ದದ್ದೇ ತಡ, ಹಲ್ಲುನೋವಿನವರ ಜೊತೆಗೆ ಯಾವ ನೋವೂ ಇಲ್ಲದವರು ಬರತೊಡಗಿದರು. ಪತ್ರಿಕೆಯಲ್ಲಿ ಬಂದ ಯಾವುದೋ ನಟಿಯ ಚಿತ್ರ ಕತ್ತರಿಸಿ ತಂದು, ಗೋಡೆಗೆ ಸುಣ್ಣ ಹೊಡೆಸುವವರ ಹಾಗೆ, ಇಷ್ಟು ಬಿಳಿ ಬೇಕು ಎಂದು ತೋರಿಸುತ್ತಿದ್ದರು. ದಿನವಿಡೀ ಬಗ್ಗಿ ನಿಂತು ಕುತ್ತಿಗೆ ಹಿಡಿದುಕೊಂಡಿರುತ್ತಿದ್ದ ನನಗೆ ಅವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತಿತ್ತು. ಯಂತ್ರ ತರಿಸಿದವಳು ನಾನೇ ಆದ್ದರಿಂದ ಗೊಣಗುವ ಹಾಗೂ ಇರಲಿಲ್ಲ.

ಅಂಥ ಒಂದು ಸಂಜೆ ಶೋಭಾ ಎಂಬ ಹುಡುಗಿ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿ ಮಹದೇವಮ್ಮ, ಐವತ್ತು ದಾಟಿದವರು. ಗಂಡ ತೀರಿಕೊಂಡ ಮೇಲೆ ಲಷ್ಕರ್ ಮೊಹಲ್ಲಾದಲ್ಲಿದ್ದ ಹಗ್ಗ, ಗೋಣಿಚೀಲದ ಅಂಗಡಿಯನ್ನು ಒಬ್ಬರೇ ನಡೆಸಿ ಮಗಳನ್ನು ಓದಿಸಿದ್ದರು. ಶೋಭಾ ಶಾಲೆಯೊಂದರಲ್ಲಿ ಟೀಚರ್. ರಾಮಕೃಷ್ಣನಗರದ ಕಡೆಯ ಸಂಬಂಧ ಗೊತ್ತಾಗಿ, ಲಗ್ನಪತ್ರಿಕೆ ಅಚ್ಚಾಗಿ, ಮದುವೆಗೆ ಒಂದು ತಿಂಗಳಷ್ಟೇ ಉಳಿದಿತ್ತು. ನಿಶ್ಚಿತಾರ್ಥದ ದಿನ ಹುಡುಗನ ಸೋದರತ್ತೆ ಯಾರೋ ಮಹದೇವಮ್ಮನವರ ಕೆಂಪು ಹಲ್ಲು ನೋಡಿ, ಬೀಗಿತ್ತಿ ನಕ್ಕರೆ ಹೆದರಿಕೆಯಾಗುತ್ತೆ ಎಂದು ತಮಾಷೆ ಮಾಡಿದ್ದರಂತೆ. ಎಲ್ಲರೂ ನಕ್ಕಿದ್ದರಂತೆ, ಮಹದೇವಮ್ಮನವರೂ. ಶೋಭಾಳಿಗೆ ಮಾತ್ರ ಅದು ಚುಚ್ಚಿಕೊಂಡೇ ಇತ್ತು. ಮದುವೆ ಮನೆಯಲ್ಲಿ ಅಮ್ಮನನ್ನು ಯಾರೂ ಆಡಿಕೊಳ್ಳಬಾರದು, ಲೇಸರ್ ಮಾಡಿಬಿಡಿ ಎಂದಳು.

ಎಲೆಯಡಿಕೆಯ ಕಲೆಗೆ ಲೇಸರ್ ಬೇಕಾಗೇ ಇಲ್ಲ, ಮುಕ್ಕಾಲು ಪಾಲು ಸಾಧಾರಣ ಕ್ಲೀನಿಂಗ್‌ನಲ್ಲೇ ಹೋಗುತ್ತದೆ ಎಂದು ಹೇಳಿ ನೋಡಿದೆ. ಅವಳು ಕೇಳಲಿಲ್ಲ. ಸರಿ, ನಿಮ್ಮಿಷ್ಟ ಎಂದು ಅವಳನ್ನು ಹೊರಗೆ ಕೂರಿಸಿ, ತಾಯಿಯ ಬಾಯಿ ನೋಡಲು ಕೂತೆ. ಎಲೆಯಡಿಕೆಯಿಂದ ಬಿಗಿದುಕೊಂಡಿದ್ದ ಬಾಯಿ ಎರಡು ಬೆರಳು ಹಿಡಿಸುವಷ್ಟೇ ತೆರೆಯಿತು. ಬ್ಲೀಚಿಂಗ್‌ಗೆ ಮೊದಲು ಹಲ್ಲಿನ ಫೋಟೋ ತೆಗೆಯುವುದು ರೂಢಿ. ಅದಕ್ಕೆ ರಿಟ್ರ್ಯಾಕ್ಟರ್ ಎಂಬ ಪ್ಲಾಸ್ಟಿಕ್ ಚೌಕಟ್ಟು ಹಾಕಿ ಎರಡೂ ಕೆನ್ನೆಗಳನ್ನು ಹಿಂದಕ್ಕೆಳೆಯಬೇಕು. ಹಾಗೆ ಎಳೆದಾಗ ಎಡಗೆನ್ನೆಯ ಒಳಭಾಗದಲ್ಲಿ, ಕೆಳದವಡೆಗೆ ತಾಗುವಲ್ಲಿ, ಒಂದು ಬಿಳಿ ಮಚ್ಚೆ ಕಂಡಿತು. ನಡುವೆ ಕೆಂಪು ಚುಕ್ಕೆಗಳಿದ್ದವು. ಬೆರಳಿಟ್ಟರೆ ಅಂಚು ಗಟ್ಟಿಯಾಗಿತ್ತು. ಕ್ಯಾಮೆರಾ ಬದಿಗಿಟ್ಟು ರಿಟ್ರ್ಯಾಕ್ಟರ್ ತೆಗೆದೆ.

ಕೇಳಿದಾಗ ಅವರು ಮುಚ್ಚಿಡಲಿಲ್ಲ. ಇಪ್ಪತ್ತು ವರ್ಷದಿಂದ ರಾತ್ರಿ ಹೊಗೆಸೊಪ್ಪು ಹಾಕಿದ ಎಲೆಯಡಿಕೆಯನ್ನು ಅದೇ ಜಾಗದಲ್ಲಿ ಒತ್ತಿಟ್ಟುಕೊಂಡು ಮಲಗುತ್ತಿದ್ದರಂತೆ. ಹಾಗಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಇದು ಕ್ಯಾನ್ಸರ್ ಇರಬಹುದು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಅದಕ್ಕೆ ಬಯಾಪ್ಸಿ ಎನ್ನುತ್ತೇವೆ, ತಡ ಮಾಡಬಾರದು ಎಂದು ಬಿಡಿಸಿ ಹೇಳಿದೆ. ಮಹದೇವಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಮದ್ವೆ ಒಂದ್ ಆಗೋಗ್ಬುಡ್ಲಿ ಡಾಕ್ಟ್ರಮ್ಮ. ಆಮೇಲೆ ಕೆನ್ನೆನಾದ್ರೂ ಕುಯ್ಕಳಿ, ದವಡೆನಾದ್ರೂ ಕಿತ್ಕಳಿ. ಈಗ ಆ ಹೆಸ್ರು ಎತ್ತಿದ್ರೆ ನನ್ ಮಗಳ ಗತಿ ಏನು? ಅವಳ್ಗಂತೂ ಹೇಳ್ಲೇಬೇಡಿ."

"ನಾನಾಗಿ ಹೇಳಲ್ಲ. ಆದ್ರೆ ಅವ್ಳ ಹತ್ರ ಸುಳ್ಳೂ ಹೇಳಲ್ಲ, ಲೇಸರೂ ಮಾಡಲ್ಲ," ಎಂದೆ.

ರೋಗಿಯ ವಿಷಯ ರೋಗಿಯದು. ಅವರ ಒಪ್ಪಿಗೆಯಿಲ್ಲದೆ ಮಗಳಿಗೂ ಹೇಳುವಂತಿಲ್ಲ. ಹೊರಗೆ ಬಂದು, ಈಗ ಬ್ಲೀಚಿಂಗ್ ಮಾಡಲಾಗುವುದಿಲ್ಲ, ಕಾರಣ ನಿಮ್ಮ ಅಮ್ಮನನ್ನೇ ಕೇಳಿ ಎಂದೆ. ಮಹದೇವಮ್ಮ, ವಸಡು ಸರಿ ಇಲ್ವಂತೆ ಎಂದರು. ಶೋಭಾ ಮುಖ ಗಂಟಿಕ್ಕಿಕೊಂಡಳು. ಊರಲ್ಲಿ ನೀವೊಬ್ಬರೇ ಡಾಕ್ಟರೇನೂ ಅಲ್ಲ, ಬೇರೆ ಕಡೆ ಒಂದೇ ಗಂಟೆಯಲ್ಲಿ ಮಾಡಿಕೊಡುತ್ತಾರೆ ಎಂದು ಹೇಳಿ ತಾಯಿಯ ಕೈ ಹಿಡಿದು ಹೊರಟಳು. ಅವರ ಮನೆಯ ಫೋನಿಗೆ ಮಾರನೆಯ ದಿನದಿಂದ ನಾನೇ ಕರೆ ಮಾಡತೊಡಗಿದೆ. ಮಹದೇವಮ್ಮ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದರು. ಅಂಗಡಿಗೇ ಹೋಗಿ ಮಾತಾಡೋಣವೆಂದರೆ ಅಲ್ಲಿ ಗಿರಾಕಿಗಳ ಮುಂದೆ ಅವರ ಮಾನ ಕಳೆದಂತಾಗುತ್ತಿತ್ತು.

ವಾರ ಕಳೆದ ಮೇಲೆ ಅವರಿಬ್ಬರೂ ಮತ್ತೆ ಬಂದರು. ಇನ್ನೊಂದು ಕ್ಲಿನಿಕ್ಕಿನಲ್ಲಿ ಮಹದೇವಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ, ರಿಟ್ರ್ಯಾಕ್ಟರ್ ಹಾಕಿ, ಆ ಡಾಕ್ಟರು ಕೂಡ ಜೆಲ್ಲಿನ ಸಿರಿಂಜನ್ನು ಕೆಳಗಿಟ್ಟುಬಿಟ್ಟಿದ್ದರು. ಮೊದಲು ನೋಡಿದ ಡಾಕ್ಟರ ಹತ್ತಿರವೇ ಹೋಗಿ ಎಂದಿದ್ದರಂತೆ. ಶೋಭಾ ಕೂರಲೂ ಇಲ್ಲ.

"ಅಲ್ಲೂ ಮಾಡಲ್ಲ ಅಂದ್ರು. ಏನಿದೆ ಮೇಡಂ ನಮ್ಮಮ್ಮನ ಬಾಯಲ್ಲಿ?"

ನಾನು ಮಹದೇವಮ್ಮನವರ ಮುಖ ನೋಡಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಅದೇನೋ ಕ್ಯಾನ್ಸರ್ ಇರ್ಬೋದಂತೆ ಕಣವ್ವ. ನಿನ್ ಮದ್ವೆ ಮುಗೀಲಿ ಅಂತ ನಾನೇ ಬಾಯಿ ಮುಚ್ಕಂಡಿದ್ದೆ."

ಶೋಭಾ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಪರೀಕ್ಷೆ ಇವತ್ತೇ ಮಾಡ್ತೀರಾ ಎಂದು ಕೇಳಿದಳು. ಅವತ್ತೇ ಮಚ್ಚೆಯ ಅಂಚಿನಿಂದ ಒಂದು ಚೂರು ತೆಗೆದು ಕಳಿಸಿದೆ. ಕ್ಯಾನ್ಸರ್ ಎಂದೇ ಬಂತು. ಶುರುವಿನ ಹಂತ, ಆದರೆ ಕಾಯುವುದು ಬೇಡ ಎಂದರು ಸರ್ಜನ್. ಆಪರೇಷನ್‌ಗೆ ಅವರು ಕೊಟ್ಟ ದಿನ ಮದುವೆಗಿಂತ ಮೊದಲೇ ಬಿತ್ತು.

ಮದುವೆಯನ್ನು ಎರಡು ತಿಂಗಳು ಮುಂದೆ ಹಾಕಿ ಎಂದು ಶೋಭಾ ತಾನೇ ರಾಮಕೃಷ್ಣನಗರಕ್ಕೆ ಹೋಗಿ ಕೇಳಿದಳು. ಅವರು ಕೆಟ್ಟ ಮಾತೇನೂ ಆಡಲಿಲ್ಲ. ಛತ್ರ ಹಿಡಿದಾಗಿದೆ, ಪತ್ರಿಕೆ ಹಂಚಿಯಾಗಿದೆ, ಧಾರೆ ಗೊತ್ತಾದ ದಿನವೇ ಆಗಲಿ, ಆಪರೇಷನ್ ಆಮೇಲೆ ಮಾಡಿಸಿ ಎಂದರಂತೆ. ಮಹದೇವಮ್ಮನವರೂ ಮಗಳ ಕೈ ಹಿಡಿದು ಅದನ್ನೇ ಬೇಡಿಕೊಂಡರು. ಶೋಭಾ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಹುಡುಗನ ಕಡೆಯವರು ಜಾತಕದ ನೆಪ ಹೇಳಿ ಆ ಸಂಬಂಧ ಮುರಿದರು. ಹುಡುಗನಿಗೆ ಅದೇ ವರ್ಷ ಬೇರೆ ಕಡೆ ಮದುವೆಯಾಯಿತು.

ಆಪರೇಷನ್‌ನಲ್ಲಿ ಎಡಗೆನ್ನೆಯ ಒಳಭಾಗವನ್ನೂ ದವಡೆಯ ಒಂದು ತುಣುಕನ್ನೂ, ಅದರ ಜೊತೆಗೆ ನಾಲ್ಕು ಹಲ್ಲುಗಳನ್ನೂ ತೆಗೆದರು. ಗಾಯ ಮಾದ ಮೇಲೆ ಮಹದೇವಮ್ಮನವರ ಮುಖ ಒಂದು ಕಡೆಗೆ ಎಳೆದುಕೊಂಡಿತು. ಮಾತು ತೊದಲತೊಡಗಿತು. ಕಾಯಿಲೆ ಮರುಕಳಿಸಿದೆಯೇ ಎಂದು ಕೆಲವು ತಿಂಗಳಿಗೊಮ್ಮೆ ನೋಡಬೇಕಿತ್ತು. ದೊಡ್ಡಾಸ್ಪತ್ರೆಗೆ ಹೋಗಿ ಬರುವ ನಡುವೆ ಶೋಭಾ ಅವರನ್ನು ನನ್ನಲ್ಲಿಗೆ ಕರೆತರುತ್ತಿದ್ದಳು. ಮೊದಲ ಸಲ ಬಂದಾಗ ಕೆನ್ನೆ ಚೆನ್ನಾಗಿದೆ, ಗೆದ್ದಿರಿ ಎಂದೆ. ಅವರು ಒಂದೊಂದೇ ಪದವನ್ನು ಕಷ್ಟಪಟ್ಟು ಕೂಡಿಸಿದರು.

"ನೀವು ಅವತ್ತು ಆ ಕೆನ್ನೆ ನೋಡ್ದೆ ಇದ್ದಿದ್ರೆ ನನ್ ಮಗಳು ಗಂಡನ್ ಮನೇಲಿರೋಳು."

ನಾನು ನೋಡದಿದ್ದರೆ ನೀವೇ ಇರುತ್ತಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಹೇಳಿದ್ದರು. ಆಮೇಲೆ ಬಂದ ಸಂಬಂಧಗಳು ಒಂದೂ ಕೂಡಿಬರಲಿಲ್ಲ. ಮಗಳ ಮೇಲೆ ಸಿಟ್ಟಾಗಲು ಆ ತಾಯಿಗೆ ಮನಸ್ಸಿರಲಿಲ್ಲ. ಆ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತಲ್ಲ, ನನ್ನ ಮೇಲೆ ಇಳಿಯಿತು.

ಅಲ್ಲಿಂದಾಚೆಗೆ ಬ್ಲೀಚಿಂಗ್‌ಗೆ ಬರುವವರ ಮೇಲಿನ ನನ್ನ ಬೇಸರ ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಹಲ್ಲಿಗಿಂತ ಮೊದಲು ಕೆನ್ನೆ, ನಾಲಿಗೆಯ ಅಡಿ, ಗಂಟಲಿನ ಅಂಚು ಎಲ್ಲವನ್ನೂ ನೋಡದೆ ಯಾರನ್ನೂ ಕುರ್ಚಿಯಿಂದ ಎಬ್ಬಿಸಲಿಲ್ಲ. ಬಾಯಿಯೊಳಗೆ ಇರುವುದನ್ನು ನೋಡುವುದಷ್ಟೇ ನನ್ನ ಕೆಲಸ, ಆ ಬಾಯಿಂದ ಒಳ್ಳೆಯ ಮಾತು ಬರಲಿ ಎಂದು ಕಾಯುವುದಲ್ಲ ಎಂಬುದನ್ನು ಕಲಿಯಲು ಮಾತ್ರ ನನಗೆ ಬಹಳ ಕಾಲ ಹಿಡಿಯಿತು.

ನಾನು ಕ್ಲಿನಿಕ್ ಮುಚ್ಚುವವರೆಗೂ ಮಹದೇವಮ್ಮ ತಪ್ಪದೆ ಬಂದರು. ಬಂದು ಕುರ್ಚಿಯಲ್ಲಿ ಕೂತು, ನನ್ನ ಕಡೆ ನೋಡದೆ, ನಾನು ಹೇಳುವ ಮೊದಲೇ ಬಾಯಿ ತೆರೆಯುತ್ತಿದ್ದರು. ನಾನು ದೀಪ ಹಾಕಿ ಎಡಗೆನ್ನೆ ನೋಡುತ್ತಿದ್ದೆ. ಏನೂ ಇಲ್ಲ ಎನ್ನುತ್ತಿದ್ದೆ. ಅವರು ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.