ಮೇಷ್ಟ್ರು ಮುಚ್ಚಿಟ್ಟ ಜಾಗ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, "ಪುರಾವೆ ಏನಿದೆ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಹುಣಸೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಹಾಗಾಗಿ ಇದನ್ನು ನೀವು ನಂಬಲೇಬೇಕೆಂದು ಕೇಳುವ ಮುಖ ನನಗಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನನಗೆ ಇತಿಹಾಸದ ಹುಚ್ಚು ಹಿಡಿಸಿದವರು ನನ್ನ ಹೈಸ್ಕೂಲಿನ ಮೇಷ್ಟ್ರು, ಮಿರ್ಲೆ ಊರಿನವರು. ರೈತರ ಮನೆಯಲ್ಲಿ ಹುಟ್ಟಿ, ಟೈಲರ್ ಸಾಹೇಬರೊಬ್ಬರ ಹತ್ತಿರ ಉರ್ದು ಅಕ್ಷರ ಕಲಿತು, ಅಲ್ಲಿಂದ ಫಾರಸಿಗೆ ದಾಟಿ, ಮಂಗೋಲರ ಚರಿತ್ರೆಯನ್ನು ಮೂಲದಲ್ಲೇ ಓದಿದವರು. ಜೀವಮಾನವಿಡೀ ಅವರು ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಯನ್ನು. ಮಂಗೋಲರು ತಮ್ಮ ಖಾನರನ್ನು ಹೂಳಿದ ಜಾಗ ಯಾರಿಗೂ ತಿಳಿಯದಂತೆ ಮುಚ್ಚಿಡುತ್ತಿದ್ದರು. ಚೆಂಗೀಸ್ ಖಾನನ ಸಮಾಧಿ ಇಂದಿಗೂ ಸಿಕ್ಕಿಲ್ಲ. ಆದರೆ ಇರಾನನ್ನು ಆಳಿದ ಅವನದೇ ವಂಶದ ಘಜಾನ್ ಖಾನ್, ತಬ್ರೀಜಿನ ಬಳಿ ಎಲ್ಲರ ಕಣ್ಣಿಗೂ ಬೀಳುವಂತೆ ತನಗೊಂದು ದೊಡ್ಡ ಗೋರಿ ಕಟ್ಟಿಸಿದ. ಅವನು ಮುಸಲ್ಮಾನನಾಗಿದ್ದ, ಅದಕ್ಕೇ ಎಂದು ನಾವೆಲ್ಲ ಹೇಳಿದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ. "ಅದೊಂದೇ ಅಲ್ಲ ಕಣ್ಲಾ. ಬಚ್ಚಿಡೋರ್ಗೂ ಒಂದಿನ ಸಾಕಾಯ್ತದೆ" ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ, ಮಂಗೋಲರ ಬಗ್ಗೆ ಬರೆದಿಟ್ಟಿದ್ದ ಪುಸ್ತಕದ ಹಸ್ತಪ್ರತಿಯನ್ನು ಅಚ್ಚಿಗೆ ಸಿದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗೋರಿಗಳ ಅಧ್ಯಾಯದ ಹಾಳೆಗಳ ನಡುವೆ ಒಂದು ಹಳೆಯ ನಕ್ಷೆ ಸಿಕ್ಕಿತು. ಅದು ಇರಾನಿನದಲ್ಲ. ಒಂದು ಶಾಲೆ, ಒಂದು ಕಲ್ಲುಬಾವಿ, ಬಾವಿಯಿಂದ ಪಡುವಣಕ್ಕೆ ನಲವತ್ತೊಂದು ಹೆಜ್ಜೆ, ಅಲ್ಲೊಂದು ಚುಕ್ಕಿ. ಚುಕ್ಕಿಯ ಪಕ್ಕದಲ್ಲಿ ಮೇಷ್ಟ್ರ ಅಕ್ಷರ: "ಪುಟ್ಟಗೌರಿ."

ಮಿರ್ಲೆಗೆ ಹೋದಾಗ ಅವರ ಹೆಂಡತಿ ಜಯಮ್ಮನವರನ್ನು, ಮೇಷ್ಟ್ರು ಮೊದಲು ಕೆಲಸ ಮಾಡಿದ್ದು ಎಲ್ಲಿ ಎಂದಷ್ಟೇ ಕೇಳಿದೆ. ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿ. ಕಬಿನಿ ಅಣೆಕಟ್ಟಾದಾಗ ಮುಳುಗಿಹೋಯಿತು ಎಂದರು. ಆಮೇಲೆ ಉಳಿದದ್ದನ್ನೂ ಹೇಳಿದರು. ಅಲ್ಲಿ ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು. ಒಂಬತ್ತನೇ ದಿನ, ಹೆಸರಿಡುವ ಮೊದಲೇ ತೀರಿಹೋಯಿತು. ಬಾಣಂತಿಯನ್ನು ಒಳಗೇ ಬಿಟ್ಟು, ಮೇಷ್ಟ್ರು ತಮ್ಮ ಟವೆಲಿನಲ್ಲಿ ಮಗುವನ್ನು ಸುತ್ತಿಕೊಂಡು ಒಬ್ಬರೇ ಹೋಗಿ ಬರಿಗೈಯಲ್ಲಿ ಬಂದಿದ್ದರು. ಮಾರನೇ ದಿನವೇ ಜಯಮ್ಮನವರನ್ನು ತವರಿಗೆ ಕರೆತಂದರು. ಜಯಮ್ಮ ಮತ್ತೆ ಆ ಊರು ನೋಡಲಿಲ್ಲ.

"ಎಲ್ಲಿ ಮಡಗಿದ್ರಿ ಅಂದ್ರೆ ಸಾಯೋಗಂಟ ಬಾಯಿ ಬುಡ್ಲಿಲ್ಲ ಕಣಪ್ಪ. ಗೊತ್ತಾದ್ರೆ ಓಗಿ ಅಲ್ಲೇ ಕೂತ್ಕಂಡ್ಬುಡ್ತೀನಿ ಅಂತ ಭಯ ಅವ್ರಿಗೆ."

ನಕ್ಷೆಯ ಮಾತು ನಾನು ಎತ್ತಲಿಲ್ಲ. ನೀರೊಳಗಿನ ಜಾಗ, ಹೇಳಿ ಏನು ಪ್ರಯೋಜನ ಅನಿಸಿತು.

ಆ ಬೇಸಿಗೆಯಲ್ಲಿ ಹಿನ್ನೀರು ತುಂಬಾ ಇಳಿಯಿತು. ಹಳೇ ಊರಿನ ಬಾವಿ ಕಾಣಿಸುತ್ತಿದೆ ಎಂದು ಬೀಚನಹಳ್ಳಿಯ ಪರಿಚಯದವರೊಬ್ಬರು ಫೋನ್ ಮಾಡಿದರು. ಜಯಮ್ಮನವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ನಕ್ಷೆ ನನ್ನ ಜೇಬಿನಲ್ಲಿತ್ತು.

ಹನ್ನೊಂದು ಗಂಟೆಯ ಬಿಸಿಲು. ಕಣ್ಣು ಹಾಯುವಷ್ಟೂ ಬಿರಿದ ಕೆಸರು. ಶಾಲೆಯ ಗುರುತೇ ಇರಲಿಲ್ಲ, ಬಾವಿಯ ಕಲ್ಲುಗಳು ಮಾತ್ರ ಉಳಿದಿದ್ದವು. ಮೊದಲು ದಿಕ್ಕು ನೋಡಿಕೊಳ್ಳೋಣ ಎಂದು ನಾನು ನಿಂತೆ. ಜಯಮ್ಮ ಚಪ್ಪಲಿ ಬಿಟ್ಟು ನಡೆಯತೊಡಗಿದರು. ಬಾವಿಯ ಕಡೆ ತಿರುಗಿಯೂ ನೋಡದೆ ಅದನ್ನು ದಾಟಿ ಹೋಗಿ, ಏನೂ ಇಲ್ಲದ ಒಂದು ಕಡೆ ಕುಳಿತುಬಿಟ್ಟರು.

"ಇಲ್ಲೇ ಕಣಪ್ಪ."

"ಯಾರು ಹೇಳಿದ್ರಮ್ಮ ನಿಮಗೆ?"

"ಯಾರೇಳ್ತಾರೆ? ಎದೆ ಬಿಗೀತಾ ಅದೆ. ಆವಾಗ ಹಾಲು ಕಟ್ಕಂಡು ಬಿಗೀತಿತ್ತಲ್ಲ, ಅಂಗೇ."

ನಾನು ಬಾವಿಯ ಬಳಿಗೆ ಹಿಂದಿರುಗಿ, ನಕ್ಷೆ ತೆಗೆದು, ಪಡುವಣಕ್ಕೆ ಹೆಜ್ಜೆ ಎಣಿಸುತ್ತ ನೆಲವನ್ನೇ ನೋಡಿಕೊಂಡು ಬಂದೆ. ಮೇಷ್ಟ್ರು ನನಗಿಂತ ಗಿಡ್ಡ; ಅದಕ್ಕೆ ತಕ್ಕಂತೆ ಹೆಜ್ಜೆ ಚಿಕ್ಕದು ಮಾಡಿದೆ. ನಲವತ್ತೊಂದನೆಯ ಹೆಜ್ಜೆಗೆ ನನ್ನ ಚಪ್ಪಲಿ ಜಯಮ್ಮನವರ ಸೆರಗನ್ನು ತುಳಿಯಿತು.

ಆಗ ಎಲ್ಲ ಹೇಳಿದೆ. ಹೆಸರನ್ನೂ ಓದಿ ಹೇಳಿದೆ.

"ಎಸ್ರು ಮಡಗಿದ್ರಾ?" ಎಂದರು. ಮತ್ತೊಮ್ಮೆ ಕೇಳಿದರು, "ಎಸ್ರು ಮಡಗಿದ್ರಾ ನಮ್ಮೇಷ್ಟ್ರು?" ಆಮೇಲೆ ಬಗ್ಗಿ, ನೆಲಕ್ಕೆ ಅಂಗೈ ಇಟ್ಟು, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಆ ಹೆಸರು ಕರೆದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ದೂರ ಹೋಗಿ ನೀರಿನ ಅಂಚಿನಲ್ಲಿ ನಿಂತೆ.

ಆಮೇಲೆ ನನಗೆ ತಿಳಿದ ಮಟ್ಟಿಗೆ ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಮೇಷ್ಟ್ರು ಜ್ವರದಲ್ಲಿ ಬಡಬಡಿಸಿರಬಹುದೇ? ಊರಿನವರು ಯಾರಾದರೂ ಹೇಳಿರಬಹುದೇ? ಜಯಮ್ಮ ಇಲ್ಲವೆಂದರು. ನಕ್ಷೆಯನ್ನು ಮೊದಲೇ ನೋಡಿದ್ದರು ಎನ್ನೋಣವೆಂದರೆ ಅವರಿಗೆ ಓದು ಬರುವುದಿಲ್ಲ. ಯಾರಾದರೂ ಹೇಳಿದ್ದರೂ, ಗಿಡಮರ ಒಂದೂ ಇಲ್ಲದ ಆ ಬಯಲಿನಲ್ಲಿ ಅಷ್ಟು ಕರಾರುವಾಕ್ಕಾಗಿ ಹೋಗಿ ಕೂರುವುದು ಹೇಗೆ?

ಮಳೆಗಾಲಕ್ಕೆ ಹಿನ್ನೀರು ಮತ್ತೆ ತುಂಬಿತು. ನಕ್ಷೆ ಅವರಿಗೇ ಸೇರಬೇಕೆಂದು ಮಿರ್ಲೆಗೆ ತೆಗೆದುಕೊಂಡು ಹೋದೆ. ಜಯಮ್ಮ ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಮಡಿಸಿ ನನಗೇ ವಾಪಸ್ ಕೊಟ್ಟರು.

"ನಂಗ್ಯಾಕಪ್ಪ ಇದು? ನಂಗೆ ದಾರಿ ಗೊತ್ತದಲ್ಲ."

ನಕ್ಷೆಯನ್ನು ಜೇಬಿಗೆ ಹಾಕಿಕೊಂಡು ಬಂದೆ. ಅವರಿಗೆ ಹೇಗೆ ಗೊತ್ತಾಯಿತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.